ಬಸ್ಬೂಸಾ ಯಾಕೆ ಗಟ್ಟಿಯಾಯಿತು? ಈಜಿಪ್ಟಿನ ಸಿಹಿ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ

ತುಮಕೂರು ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಎರಡು ವರ್ಷ ಕೈರೋದಲ್ಲಿ ಕೆಲಸಕ್ಕಿದ್ದ. ಊರಿಗೆ ಬಂದ ಮೇಲೂ ಅವನಿಗೆ ಬಸ್ಬೂಸಾದ್ದೇ ನೆನಪು. ಮುಂದಿನ ತಿಂಗಳು ಅವನ ಹುಟ್ಟುಹಬ್ಬ. ಅಷ್ಟರೊಳಗೆ ಕಲಿತುಬಿಡೋಣ ಅಂತ ಕಳೆದ ಭಾನುವಾರ ಒಂದು ಸಲ ಮಾಡಿ ನೋಡಿದೆ.

2 ಲೋಟ ಚಿರೋಟಿ ರವೆಯನ್ನು ತುಪ್ಪದಲ್ಲಿ ಘಮ ಬರುವ ತನಕ ಹುರಿದೆ. ಮೊಸರು, ಸಕ್ಕರೆ, ಬೇಕಿಂಗ್ ಪೌಡರ್ ಹಾಕಿ ಬೀಟರಿನಲ್ಲಿ ಚೆನ್ನಾಗಿ ತಿರುವಿದೆ. ಓವನ್ನಿನಿಂದ ತೆಗೆದು ಒಂದೆಳೆ ಪಾಕ ಹೊಯ್ದೆ. ಪಾಕ ಒಳಗೆ ಇಳಿಯಲೇ ಇಲ್ಲ, ಮೇಲೆಯೇ ನಿಂತಿತು. ಬೆಳಿಗ್ಗೆ ನೋಡಿದರೆ ಮೇಲೆಲ್ಲ ಸಕ್ಕರೆ ಹರಳುಗಟ್ಟಿ ಬಿಳಿ ಪದರ. ಚಾಕು ಇಳಿಸಲು ಎರಡೂ ಕೈ ಬೇಕಾಯಿತು. ತಮ್ಮ ಬೇಜಾರು ಮಾಡಿಕೊಳ್ಳದೆ ಎರಡು ತುಂಡು ತಿಂದ. ಆದರೆ ಅವನು ಹೇಳುವ ಬಸ್ಬೂಸಾ ಬಾಯಲ್ಲಿಟ್ಟರೆ ಕರಗುವಂಥದ್ದು. ಎಲ್ಲಿ ತಪ್ಪಿದೆ?

ನೈಲ್ ದಂಡೆ

ಅಕ್ಕಾ, ನಾನು 9 ವರ್ಷದಿಂದ ಕೈರೋದಲ್ಲಿದ್ದೇನೆ. ಮೊದಲ ವರ್ಷ ನನಗೂ ಹೀಗೇ ಆಗಿತ್ತು. ಆಮೇಲೆ ಮೇಲಿನ ಮನೆಯ ಅಜ್ಜಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ನಿಮ್ಮ ಕೈಯಲ್ಲಿ ಮೂರು ಕಡೆ ಕೇಸರಿಬಾತಿನ ಅಭ್ಯಾಸ ಕೆಲಸ ಮಾಡಿದೆ.

ಮೊದಲನೆಯದು ರವೆ. ಚಿರೋಟಿ ರವೆ ತೀರಾ ನಯ. ಮೊಸರು ಬಿದ್ದ ಕೂಡಲೇ ಅಂಟಾಗುತ್ತದೆ. ಉಪ್ಪಿಟ್ಟಿನ ರವೆ ತೆಗೆದುಕೊಳ್ಳಿ. ಹುರಿಯಬೇಡಿ, ಹಸಿ ರವೆಯೇ ಆಗಬೇಕು.

ಎರಡನೆಯದು ಕಲಸುವ ರೀತಿ. ಇದೇ ಮುಖ್ಯ. ಇಲ್ಲಿ ಹಿಟ್ಟಿಗೋ ರವೆಗೋ ತುಪ್ಪ ಹಾಕಿ ಬೆರಳಲ್ಲಿ ಉಜ್ಜುವುದಕ್ಕೆ 'ಬಸ್' ಎಂದೇ ಹೇಳುತ್ತಾರೆ. ಬಸ್ಬೂಸಾ ಅನ್ನುವ ಹೆಸರನ್ನೂ ಅಲ್ಲಿಂದಲೇ ಬಂದದ್ದು ಎನ್ನುತ್ತಾರೆ. ಅಜ್ಜಿ ಅಗಲವಾದ ತಟ್ಟೆಯಲ್ಲಿ ರವೆ ಹರಡಿ, ಕರಗಿಸಿದ ತುಪ್ಪ ಸುರಿದು, ಎರಡು ಅಂಗೈ ನಡುವೆ ರವೆ ಹಿಡಿದು ಮೆಲ್ಲಗೆ ಉಜ್ಜಿ ಬೀಳಿಸುತ್ತಿದ್ದರು. ನಾವು ಅರಿಶಿನ ಹಚ್ಚಿ ಅಕ್ಷತೆ ಕಲಸುತ್ತೇವಲ್ಲ, ಹಾಗೆ. ಒಂದೊಂದು ಕಾಳಿಗೂ ತುಪ್ಪ ಹತ್ತಿರಬೇಕು. ಆಗ ಮೊಸರು ಬಿದ್ದರೂ ರವೆ ಗಬಕ್ಕನೆ ಹೀರಿಕೊಳ್ಳುವುದಿಲ್ಲ. ಮೊಸರು ಕೊನೆಗೆ. ಬೀಟರ್ ಬೇಡವೇ ಬೇಡ, ಸೌಟಿನಲ್ಲಿ ಒಂದೆರಡು ಸುತ್ತು ತಿರುಗಿಸಿ ಬಿಟ್ಟುಬಿಡಿ. ಜಾಸ್ತಿ ಕಲಸಿದಷ್ಟೂ ಜಿಗುಟು, ಜಿಗುಟಾದಷ್ಟೂ ಗಟ್ಟಿ.

ಮೂರನೆಯದು ಪಾಕ. ಎಳೆ ಬರಲೇಬಾರದು. ಬೆರಳಿಗೆ ಅಂಟಂಟು ಅನ್ನಿಸಿದರೆ ಸಾಕು.

ನನ್ನ ಅಳತೆ: ಉಪ್ಪಿಟ್ಟಿನ ರವೆ 2 ಲೋಟ, ಸಕ್ಕರೆ ಮುಕ್ಕಾಲು ಲೋಟ, ತುಪ್ಪ ಅರ್ಧ ಲೋಟಕ್ಕಿಂತ ಸ್ವಲ್ಪ ಜಾಸ್ತಿ, ಹುಳಿಯಿಲ್ಲದ ಮೊಸರು 1 ಲೋಟ, ಬೇಕಿಂಗ್ ಪೌಡರ್ 1 ಟೀ ಚಮಚ, ಬೇಕಿದ್ದರೆ ಒಣಕೊಬ್ಬರಿ ತುರಿ ಅರ್ಧ ಲೋಟ. ಮೊಟ್ಟೆ ಹಾಕುವುದಿಲ್ಲ. ಕಲಸಿ 10 ನಿಮಿಷ ಬಿಡಿ. ತಟ್ಟೆಗೆ ಎಣ್ಣೆಯ ಬದಲು ತಹಿನಿ, ಅಂದರೆ ಬಿಳಿ ಎಳ್ಳು ರುಬ್ಬಿದ್ದು, ತೆಳ್ಳಗೆ ಸವರಿ. ಅಡಿ ಹಿಡಿಯುವುದಿಲ್ಲ, ತಳಕ್ಕೆ ಒಂಥರಾ ಹುರಿದ ಎಳ್ಳಿನ ಪರಿಮಳ ಬರುತ್ತದೆ. ಒದ್ದೆ ಕೈಯಲ್ಲಿ ಮೇಲೆ ಸಮ ಮಾಡಿ. 190 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಅರ್ಧ ಬೆಂದಾಗ ಹೊರಗೆ ತೆಗೆದು ಚೌಕಚೌಕ ಕೊಯ್ದು, ಪ್ರತಿ ತುಂಡಿನ ಮೇಲೆ ಅರ್ಧ ಬಾದಾಮಿ ಒತ್ತಿ ಮತ್ತೆ ಒಳಗಿಡಿ.

ಬೇಕರಿ ಅಣ್ಣ ಹಾಸನ

ಪಾಕದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒಂದೆಳೆ ಪಾಕದಲ್ಲಿ ನೀರು ಕಡಿಮೆ, ಸಕ್ಕರೆ ಜಾಸ್ತಿ. ತಣ್ಣಗಾದರೆ ಸಕ್ಕರೆ ಮತ್ತೆ ಹರಳಾಗಿಯೇ ಆಗುತ್ತದೆ. ಒಂದೂವರೆ ಲೋಟ ಸಕ್ಕರೆಗೆ ಒಂದೂಕಾಲು ಲೋಟ ನೀರು ಹಾಕಿ. ಕುದಿ ಬಂದ ಮೇಲೆ 7–8 ನಿಮಿಷ ಸಾಕು. ಕುದಿಯುವಾಗ ಅರ್ಧ ನಿಂಬೆಹಣ್ಣಿನ ರಸ ಹಿಂಡಿ. ಹುಳಿ ಬಿದ್ದರೆ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸು, ಫ್ರಕ್ಟೋಸು ಆಗುತ್ತದೆ, ಅವು ಇದ್ದರೆ ಹರಳುಗಟ್ಟುವುದಿಲ್ಲ. ಜಾಮೂನಿನ ಪಾಕಕ್ಕೆ ನಾವು ನಿಂಬೆ ಹಾಕುವುದೂ ಇದಕ್ಕೇ. ಕುದಿಯಲು ಶುರುವಾದ ಮೇಲೆ ಸೌಟು ಆಡಿಸಬೇಡಿ.

ಮತ್ತೆ, ಬಿಸಿ ಬಸ್ಬೂಸಾಕ್ಕೆ ತಣ್ಣನೆಯ ಪಾಕವೋ, ಎರಡೂ ಬಿಸಿಯೋ? ಗೊತ್ತಿದ್ದವರು ಹೇಳಿ.

ನೈಲ್ ದಂಡೆ

ಅಣ್ಣಾ, ಇದರ ಮೇಲೆ ಇಲ್ಲಿ ಮನೆಮನೆಗೂ ಒಂದೊಂದು ಅಭಿಪ್ರಾಯ. ನಮ್ಮ ಅಜ್ಜಿ ಪಾಕವನ್ನು ಮೊದಲೇ ಮಾಡಿ ಉಗುರುಬೆಚ್ಚಗೆ ಇಡುತ್ತಿದ್ದರು. ತಟ್ಟೆ ಓವನ್ನಿನಿಂದ ಬಂದ ಕೂಡಲೇ ಸುರಿಯಬೇಕು. ಚುಯ್ ಎಂದು ಸದ್ದು ಬರಬೇಕು. ಸದ್ದು ಬರದಿದ್ದರೆ ತಟ್ಟೆ ಆರಿದೆ ಅಂತ ಅರ್ಥ. ಸುರಿದು ಮುಚ್ಚಿಟ್ಟು ಒಂದು ಗಂಟೆ ಯಾರೂ ಮುಟ್ಟಬಾರದು. ಕುನಾಫ ಅಂತ ಎಳೆಎಳೆ ಹಿಟ್ಟಿನ ಇನ್ನೊಂದು ಸಿಹಿ ಇದೆ, ಅದಕ್ಕೆ ಮಾತ್ರ ಪಾಕ ಪೂರ್ತಿ ತಣ್ಣಗಿರಬೇಕು, ಇಲ್ಲದಿದ್ದರೆ ಗರಿಗರಿ ಹೋಗುತ್ತದೆ.

ಪರಿಮಳಕ್ಕೆ ಇಲ್ಲಿ ವೆನಿಲಾ ಹಾಕುತ್ತಾರೆ. ಏಲಕ್ಕಿ ಹಾಕುವುದನ್ನು ನಾನು ನೋಡಿದ್ದು ಕಾಫಿಗೆ. ಅಲೆಕ್ಸಾಂಡ್ರಿಯಾದಲ್ಲಿ ಇದೇ ಸಿಹಿಗೆ ಹರೀಸಾ ಎನ್ನುತ್ತಾರೆ. ಅಲ್ಲಿಗೆ ಹೋಗಿ ಬಸ್ಬೂಸಾ ಕೇಳಿದರೆ ಕೊಡುತ್ತಾರೆ, ಆದರೆ ನೀವು ಕೈರೋದವರು ಅಂತ ಕಂಡುಹಿಡಿಯುತ್ತಾರೆ.

ಜೋನಿಬೆಲ್ಲ ಸಾಗರ

ಓವನ್ ಇಲ್ಲದವರು ಏನು ಮಾಡಬೇಕು? ಕುಕ್ಕರಿನಲ್ಲಿ ಉಪ್ಪು ಹರವಿ, ಗ್ಯಾಸ್ಕೆಟ್ ವಿಷಲ್ ತೆಗೆದು ಸಣ್ಣ ಉರಿಯಲ್ಲಿ 45 ನಿಮಿಷ ಇಟ್ಟೆ. ಬೆಂದಿತು, ಆದರೆ ಮೇಲೆ ಬಣ್ಣ ಬರಲಿಲ್ಲ. ನಮ್ಮಜ್ಜಿ ಒಲೆಯ ಕಾಲದಲ್ಲಿ ಮುಚ್ಚಳದ ಮೇಲೆ ಕೆಂಡ ಹಾಕುತ್ತಿದ್ದರು. ಅದು ನೆನಪಾಗಿ ಕಬ್ಬಿಣದ ತವಾ ಚೆನ್ನಾಗಿ ಕಾಯಿಸಿ, ತಟ್ಟೆಯ ಮೇಲೆ ಬೆರಳಗಲ ಬಿಟ್ಟು ಬೋರಲು ಹಾಕಿದೆ. ಐದು ನಿಮಿಷಕ್ಕೆ ಅಂಚು ಕೆಂಪಾಯಿತು. ಎರಡು ಸಲ ಕಾಯಿಸಿಟ್ಟ ಮೇಲೆ ನಡುವೆಯೂ ಬಂತು.

ಸಕ್ಕರೆಯ ಬದಲು ಜೋನಿಬೆಲ್ಲ ಹೊಯ್ದರೆ ಹೇಗೆ?

ನೈಲ್ ದಂಡೆ

ತವಾದ ಉಪಾಯ ಬಹಳ ಚೆನ್ನಾಗಿದೆ, ಬರೆದಿಟ್ಟುಕೊಂಡೆ. ಬಸ್ಬೂಸಾಕ್ಕೆ ಜೋನಿಬೆಲ್ಲ ಬೇಡ, ತುಪ್ಪದ ರುಚಿ ಮುಚ್ಚಿಹೋಗುತ್ತದೆ. ಆದರೆ ಜೋನಿಬೆಲ್ಲ ಮನೆಯಲ್ಲಿದ್ದರೆ ಈಜಿಪ್ಟಿನ ಒಂದು ಸಿಹಿ ಆಗಲೇ ನಿಮ್ಮ ಕೈಯಲ್ಲಿದೆ. ಇಲ್ಲಿ 'ಅಸಲ್ ಎಸ್ವಿದ್' ಅಂತ ಇದೆ. ಅಕ್ಷರಶಃ ಕಪ್ಪು ಜೇನು. ಜೇನಿಗೂ ಅದಕ್ಕೂ ಸಂಬಂಧ ಇಲ್ಲ. ಕಬ್ಬಿನ ಹಾಲನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ್ದು. ಮಿನ್ಯಾ ಪ್ರಾಂತ್ಯದ ಮಲ್ಲಾವಿ ಊರಿನದ್ದಕ್ಕೆ ಹೆಸರು. ಮೊದಲ ಸಲ ಬಾಯಿಗಿಟ್ಟಾಗ ನನಗೆ ಆಲೆಮನೆ ಕಣ್ಣಮುಂದೆ ಬಂತು, ಕಣ್ಣಲ್ಲಿ ನೀರೂ ಬಂತು.

ಬಟ್ಟಲಿಗೆ 2 ಚಮಚ ಜೋನಿಬೆಲ್ಲ, ಮೇಲೆ 1 ಚಮಚ ತಹಿನಿ. ಪೂರ್ತಿ ಕಲಸಬೇಡಿ, ಚಮಚದಲ್ಲಿ ಒಂದು ಸುತ್ತು ಅಷ್ಟೆ. ಬಿಸಿ ಚಪಾತಿಯ ತುಂಡು ಅದ್ದಿ ತಿನ್ನಿ. ಇಲ್ಲಿಯವರು ಪದರ ಪದರವಾದ ಫಿತೀರ್ ರೊಟ್ಟಿಯ ಜೊತೆ ತಿನ್ನುತ್ತಾರೆ. ತಹಿನಿಗೆ ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿ, ಆರಿಸಿ, ಸ್ವಲ್ಪ ಎಣ್ಣೆ ಬಿಟ್ಟು ಹರಿಯುವ ತನಕ ಮಿಕ್ಸಿಯಲ್ಲಿ ರುಬ್ಬಿ. ಎಳ್ಳು ಕೆಂಪಾದರೆ ಕಹಿ.

ಕೆಂಗೇರಿ ಹುಡುಗಿ

ನನಗೆ ಕುನಾಫ ಮಾಡಬೇಕು. ಒಳಗೆ ಕುನಾಫ ಎಳೆ ತುಂಬಿದ ದುಬೈ ಚಾಕೊಲೇಟ್ ಬಂದಾಗಿನಿಂದ ಎಲ್ಲೆಲ್ಲೂ ಅದೇ. ಹುರಿದ ಶ್ಯಾವಿಗೆಯಲ್ಲಿ ಚೀಸ್ ಹಾಕಿ ಮಾಡಿದರೆ ಆಗುತ್ತಾ?

ನೈಲ್ ದಂಡೆ

ಮಾಡಿ ತಿನ್ನಿ, ರುಚಿಯಾಗಿಯೇ ಇರುತ್ತದೆ. ಆದರೆ ಚೀಸಿನದ್ದು ಪ್ಯಾಲೆಸ್ಟೈನಿನ ನಾಬ್ಲುಸ್ ಊರಿನ ಶೈಲಿ. ಈಜಿಪ್ಟಿನಲ್ಲಿ ಹಳೆಯ ಪದ್ಧತಿ ಅಂದರೆ ಒಳಗೆ ಬೀಜಗಳು, ಒಣದ್ರಾಕ್ಷಿ, ಇಲ್ಲವೇ ಹಾಲಿನ ಕೆನೆ. ಶ್ಯಾವಿಗೆ ಗಟ್ಟಿ ಕಣಕದಿಂದ ಒತ್ತಿ ಒಣಗಿಸಿದ್ದು. ಕುನಾಫದ ಎಳೆ ನೀರಾದ ಹಿಟ್ಟಿನಿಂದ ಬರುವುದು.

ರಂಜಾನ್ ತಿಂಗಳಲ್ಲಿ ಬೀದಿ ಮೂಲೆಯಲ್ಲಿ ಇಟ್ಟಿಗೆಯ ದುಂಡನೆಯ ಒಲೆ ಹಾಕುತ್ತಾರೆ, ಮೇಲೆ ದೊಡ್ಡ ಲೋಹದ ಕಾವಲಿ. ಕುಶಲಿ ಕೈಯಲ್ಲಿ ಸಾಲಾಗಿ ತೂತುಗಳಿರುವ ಡಬ್ಬಿ. ಅದಕ್ಕೆ ಹಿಟ್ಟು ತುಂಬಿ ಕಾವಲಿಯ ಮೇಲೆ ಗರಗರ ಕೈ ತಿರುಗಿಸುತ್ತಾನೆ. ಹತ್ತಾರು ಬಿಳಿ ಎಳೆಗಳು ಸುತ್ತುಸುತ್ತಾಗಿ ಬೀಳುತ್ತವೆ. ಬಣ್ಣ ತಿರುಗುವ ಮೊದಲೇ ಮುಷ್ಟಿಯಲ್ಲಿ ಬಾಚಿ ಎತ್ತುತ್ತಾನೆ. ಈಗ ಜಾಸ್ತಿ ಮಷೀನಿನದ್ದೇ. ಕೈಯಲ್ಲಿ ಬಿಟ್ಟ 'ಬಲದಿ' ಕುನಾಫ ಸಿಕ್ಕರೆ ನಾನು ಸಾಲಿನಲ್ಲಿ ನಿಂತಾದರೂ ತರುತ್ತೇನೆ. ಅದು ಸ್ವಲ್ಪ ದಪ್ಪ, ಮೆತ್ತಗೆ, ತುಪ್ಪ ಚೆನ್ನಾಗಿ ಕುಡಿಯುತ್ತದೆ.

ಬೆಂಗಳೂರಿನಲ್ಲಿ ಹಸಿ ಕುನಾಫ ಎಳೆ ಫ್ರೀಜರಿನಲ್ಲಿಟ್ಟು ಮಾರುತ್ತಾರೆ. ಅದನ್ನೇ ತನ್ನಿ. ಬಿಡಿಸಿ, ಕತ್ತರಿಸಿ, ತುಪ್ಪ ಉಜ್ಜಿ. ಇಲ್ಲೂ ಅದೇ ಉಜ್ಜುವ ಕೆಲಸ.

ದೇರಳಕಟ್ಟೆ ಅಡುಗೆಮನೆ

ಕತಾಯಿಫ್ ಬಗ್ಗೆ ಯಾರೂ ಹೇಳಲಿಲ್ಲ! ನಮ್ಮಣ್ಣ ಗಲ್ಫಿನಲ್ಲಿದ್ದಾಗ ಈಜಿಪ್ಟಿನ ರೂಮ್‌ಮೇಟ್ ಹತ್ತಿರ ಕಲಿತು ಬಂದ. ಈಗ ನಮ್ಮ ಮನೆಯಲ್ಲಿ ಪ್ರತಿ ರಂಜಾನ್‌ನಲ್ಲಿ ಒಂದು ದಿನ ಇಫ್ತಾರಿಗೆ ಇದೇ ಆಗಬೇಕು.

ದೋಸೆ ಹೊಯ್ಯಲು ಬರುವವರಿಗೆ ಇದು ಅತಿ ಸುಲಭ. ಮೈದಾ 1 ಲೋಟ, ಚಿರೋಟಿ ರವೆ 2 ಚಮಚ, ಸಕ್ಕರೆ 1 ಚಮಚ, ಯೀಸ್ಟ್ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಬೆಚ್ಚಗಿನ ನೀರು ಒಂದೂಕಾಲು ಲೋಟ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ 45 ನಿಮಿಷ ಬಿಡಿ. ಸೆಟ್ ದೋಸೆ ಹಿಟ್ಟಿಗಿಂತ ಸ್ವಲ್ಪ ನೀರಾಗಿರಬೇಕು. ಎಣ್ಣೆ ಹಾಕದ ತವಾದ ಮೇಲೆ ಅಂಗೈಯಗಲ ಹೊಯ್ಯಿರಿ. ಮೇಲೆಲ್ಲ ತೂತು ಬೀಳುತ್ತದೆ. ಹಸಿ ಹೊಳಪು ಹೋದ ತಕ್ಷಣ ತೆಗೆಯಿರಿ. ಮಗುಚಿ ಹಾಕಲೇಬಾರದು. ಮೇಲಿನ ಮುಖ ಬೇಯದೆ ಅಂಟಂಟಾಗಿದ್ದರೇ ಅಂಚು ಕೂಡುವುದು.

ನಾನು ಮೊದಲ ಸಲ ಹನ್ನೆರಡು ಹೊಯ್ದು ತಟ್ಟೆಯಲ್ಲಿ ಹಾಗೇ ಬಿಟ್ಟು ಹೂರಣ ಮಾಡಲು ಹೋದೆ. ಬಂದು ನೋಡಿದರೆ ಎಲ್ಲ ಒಣಗಿ, ಮಡಚಿದರೆ ನಡುವೆಯೇ ಸೀಳಿತು. ಈಗ ಹೂರಣ ಮೊದಲೇ ಮಾಡಿಡುತ್ತೇನೆ. ಕತಾಯಿಫನ್ನು ತೆಗೆದ ಕೂಡಲೇ ಪಂಚೆ ಬಟ್ಟೆಯ ಒಳಗೆ ಮುಚ್ಚಿಡುತ್ತೇನೆ.

ಹೂರಣಕ್ಕೆ ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಕೊಬ್ಬರಿ, ಸ್ವಲ್ಪ ಸಕ್ಕರೆ, ದಾಲ್ಚಿನ್ನಿ. ಅರ್ಧಚಂದ್ರ ಮಡಚಿ, ಅಂಚನ್ನು ಬೆರಳಲ್ಲಿ ಒತ್ತುತ್ತಾ ಹೋಗಿ. ಕರ್ಜಿಕಾಯಿ ಮಾಡಿದ ಕೈಗೆ ಹೇಳಿಕೊಡುವುದೇ ಬೇಡ. ಕಾದ ಎಣ್ಣೆಯಲ್ಲಿ ಕೆಂಪಗೆ ಕರಿದು ತಣ್ಣನೆಯ ಪಾಕದಲ್ಲಿ ಮುಳುಗಿಸಿ ಎತ್ತಿ.

ನೈಲ್ ದಂಡೆ

ಅಂಚಿನ ಗುಟ್ಟನ್ನು ಸರಿಯಾಗಿ ಹೇಳಿದಿರಿ. ಇಲ್ಲಿ ಕುನಾಫ ಮತ್ತು ಕತಾಯಿಫ್ ರಂಜಾನಿನ ಜೋಡಿ. ಇವೆರಡರ ಮೇಲಿನ ಹಳೆಯ ಕವಿತೆ, ಕತೆಗಳನ್ನು ಒಟ್ಟುಗೂಡಿಸಿ ಕೈರೋದ ದೊಡ್ಡ ವಿದ್ವಾಂಸರಾದ ಅಲ್ ಸುಯೂತಿ ಒಂದು ಚಿಕ್ಕ ಗ್ರಂಥವನ್ನೇ ಬರೆದಿದ್ದಾರೆ. ಅವರು ತೀರಿಕೊಂಡದ್ದು 1505ರಲ್ಲಿ. ಧರ್ಮ, ವ್ಯಾಕರಣ, ಇತಿಹಾಸದ ಮೇಲೆ ನೂರಾರು ಪುಸ್ತಕ ಬರೆದವರು ಸಿಹಿಗೂ ಜಾಗ ಕೊಟ್ಟಿದ್ದಾರೆ. ನನಗೆ ಅದು ತುಂಬಾ ಇಷ್ಟವಾದ ವಿಷಯ.

ಬೇಕರಿ ಅಣ್ಣ ಹಾಸನ

ಈಜಿಪ್ಟಿನದೇ ಇನ್ನೊಂದು ಸಿಹಿ ಉಮ್ ಅಲಿ ನಾನು ಮಾಡಿದ್ದೇನೆ. ಬೇಕರಿಯ ಖಾರಿ ಬಿಸ್ಕತ್ತು ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದೂ ಪಫ್ ಹಿಟ್ಟೇ ಅಲ್ವಾ? ಜೀರಿಗೆ ಹಾಕದ್ದನ್ನು ನೋಡಿ ತನ್ನಿ. 200 ಗ್ರಾಂ ಖಾರಿಯನ್ನು ದಪ್ಪದಪ್ಪ ಮುರಿದು ತಟ್ಟೆಗೆ ಹಾಕಿ, ಬೀಜಗಳು, ದ್ರಾಕ್ಷಿ, ಕೊಬ್ಬರಿ ಉದುರಿಸಿ. 1 ಲೀಟರ್ ಗಟ್ಟಿ ಹಾಲಿಗೆ ಅರ್ಧ ಲೋಟ ಸಕ್ಕರೆ ಹಾಕಿ ಕುದಿಸಿ, ಕುದಿಕುದಿಯಾಗಿಯೇ ಸುರಿಯಿರಿ. ಮೇಲೆ ಕೆನೆ ಹರಡಿ 200 ಡಿಗ್ರಿಯಲ್ಲಿ 15 ನಿಮಿಷ. ಖಾರಿಯಲ್ಲಿ ಉಪ್ಪಿರುವುದರಿಂದ ಸಕ್ಕರೆ ರುಚಿ ನೋಡಿ ಹಾಕಿ. ಬಿಸಿಯಾಗಿಯೇ ತಿನ್ನಬೇಕು.

ಈ ಉಮ್ ಅಲಿ ಯಾರು?

ನೈಲ್ ದಂಡೆ

'ಅಲಿಯ ತಾಯಿ' ಅಂತ ಅರ್ಥ. ಜನ ಹೇಳುವ ಕತೆ ಹೀಗಿದೆ. 1250ರಲ್ಲಿ ಶಜರ್ ಅಲ್ ದುರ್ ಎಂಬ ರಾಣಿ ಈಜಿಪ್ಟನ್ನು ಆಳಿದಳು. ಆಮೇಲೆ ಐಬಕ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. 1257ರಲ್ಲಿ ಐಬಕ್‌ನನ್ನು ಕೊಲ್ಲಿಸಿದಳು. ಐಬಕ್‌ನ ಮೊದಲ ಹೆಂಡತಿಯ ಮಗ ಅಲಿ ಸಿಂಹಾಸನ ಏರಿದ, ರಾಣಿಯನ್ನು ಕೊಂದರು. ಇಷ್ಟು ಚರಿತ್ರೆ. ಗೆದ್ದ ಖುಷಿಗೆ ಅಲಿಯ ತಾಯಿ ಈ ಸಿಹಿ ಮಾಡಿಸಿ ಊರಿಗೆಲ್ಲ ಹಂಚಿದಳು ಅನ್ನುವುದು ಜನರ ಬಾಯಲ್ಲಿ ಬಂದದ್ದು. ನಾನಂತೂ ಮಕ್ಕಳಿಗೆ ಸಿಹಿ ಬಡಿಸುವಾಗ ಈ ಕತೆ ಹೇಳುವುದಿಲ್ಲ.

ಹುಬ್ಬಳ್ಳಿ ಅವ್ವ

ನಮ್ಮ ಗೋಧಿ ಹುಗ್ಗಿಯಂಥದ್ದು ಅಲ್ಲಿ ಏನಾದರೂ ಇದೆಯೇನವ್ವಾ? ಕುಟ್ಟಿದ ಗೋಧಿ ತರಿಸಿಟ್ಟಿದ್ದೇನೆ.

ನೈಲ್ ದಂಡೆ

ಇದೆ ಅವ್ವಾ, ಇದೆ. ಇಡೀ ಗೋಧಿಯನ್ನು ನೆನೆಸಿ ಬೇಯಿಸಿ, ಬಿಸಿ ಹಾಲು ಸಕ್ಕರೆ ಹಾಕಿ ಬೆಳಗಿನ ಹೊತ್ತು ತಿನ್ನುತ್ತಾರೆ. ಅದರ ಹೆಸರು ಬಲೀಲಾ. ಚಳಿಗಾಲದಲ್ಲಿ ಇದರಷ್ಟು ಹಿತ ಬೇರೆ ಇಲ್ಲ. ಮೊಹರಂ ತಿಂಗಳ ಹತ್ತನೆಯ ದಿನ ಅದೇ ಗೋಧಿಯನ್ನು ಹಾಲಿನಲ್ಲಿ ಇನ್ನೂ ಬೇಯಿಸಿ, ಮೆಕ್ಕೆಜೋಳದ ಗಂಜಿಪುಡಿ (ಕಾರ್ನ್‌ಫ್ಲೋರ್) ಹಾಕಿ ಗಟ್ಟಿ ಮಾಡಿ, ಬಟ್ಟಲುಗಳಿಗೆ ಸುರಿದು, ಮೇಲೆ ಬೀಜ, ದ್ರಾಕ್ಷಿ ಜೋಡಿಸಿ ಅಕ್ಕಪಕ್ಕದವರಿಗೆ ಕಳಿಸುತ್ತಾರೆ. ಅದು ಆಶೂರಾ. ನಮ್ಮ ಹುಗ್ಗಿಯಲ್ಲಿ ಬೆಲ್ಲ, ಗಸಗಸೆ, ಏಲಕ್ಕಿ. ಇಲ್ಲಿಯದರಲ್ಲಿ ಸಕ್ಕರೆ, ಹಾಲು. ಗೋಧಿ ಅಗಿಯುವಾಗ ಸಿಗುವ ಸುಖ ಮಾತ್ರ ಒಂದೇ. ನಿಮ್ಮ ಕುಟ್ಟಿದ ಗೋಧಿ ಸಿಪ್ಪೆ ಹೋದದ್ದು, ಬೇಗ ಬೇಯುತ್ತದೆ.

ಮಂಡ್ಯ ಸಕ್ಕರೆ ಅಚ್ಚು

ನಾನು ಸಂಕ್ರಾಂತಿಗೆ ಪ್ರತಿ ವರ್ಷ ಸಕ್ಕರೆ ಅಚ್ಚು ಹಾಕುವವಳು. ಈಜಿಪ್ಟಿನಲ್ಲೂ ಸಕ್ಕರೆ ಗೊಂಬೆ ಇವೆ ಅಂತ ಎಲ್ಲೋ ಚಿತ್ರ ನೋಡಿದೆ. ನಿಜವೇ?

ನೈಲ್ ದಂಡೆ

ನಿಜ! ಪ್ರವಾದಿಯವರ ಹುಟ್ಟುಹಬ್ಬದ ಮೌಲಿದ್‌ಗೆ ಮಾಡುತ್ತಾರೆ. ಮರದ ಅಚ್ಚಿಗೆ ಪಾಕ ಹೊಯ್ದು ಹುಡುಗಿಯರಿಗೆ ಮದುಮಗಳು, ಹುಡುಗರಿಗೆ ಕುದುರೆ ಸವಾರ. ಮದುಮಗಳ ಬೆನ್ನಿಗೆ ಬಣ್ಣದ ಕಾಗದದ ಬೀಸಣಿಗೆಗಳು. ಈಗ ಜಾಸ್ತಿ ಪ್ಲಾಸ್ಟಿಕ್ ಗೊಂಬೆ ಬಂದಿವೆ, ಸಕ್ಕರೆಯವು ಹಳೆಯ ಬೀದಿಗಳಲ್ಲಿ ಹುಡುಕಿದರೆ ಸಿಗುತ್ತವೆ. ಮೊದಲ ವರ್ಷ ಅಂಗಡಿಯಲ್ಲಿ ನಸುಗೆಂಪು ಕುದುರೆ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಎಳ್ಳು ಬೀರಲು ಹೋಗುತ್ತಿದ್ದ ತಟ್ಟೆಯೇ ಕಣ್ಣಮುಂದೆ ಬಂತು.

ಅದೇ ಹಬ್ಬಕ್ಕೆ ಚಿಕ್ಕಿಗಳೂ ಇವೆ. ಎಳ್ಳಿನದ್ದು ಸಿಮ್ಸಿಮಿಯ್ಯಾ, ಕಡಲೆಕಾಯಿಯದ್ದು ಫೂಲಿಯ್ಯಾ, ಹುರಿದ ಕಡಲೆಯದ್ದು ಹುಮ್ಮುಸಿಯ್ಯಾ. ತಂತಾ ಊರಿನವು ಹೆಸರುವಾಸಿ. ಪಾಕಕ್ಕೆ ಸಕ್ಕರೆ, ಗ್ಲೂಕೋಸು, ನಿಂಬೆ. ಪುಟಾಣಿ ಹಾಕಿ ನೀವೂ ಮಾಡಬಹುದು.

ಮಂಡ್ಯ ಸಕ್ಕರೆ ಅಚ್ಚು

ಓದಿ ಮೈ ಜುಮ್ಮೆಂದಿತು. ನಮ್ಮಲ್ಲೂ ಮರದ ಅಚ್ಚು ಇವೆ, ಅತ್ತೆಯ ಕಾಲದವು. ಅಚ್ಚನ್ನು ಮೊದಲು ನೀರಿನಲ್ಲಿ ನೆನೆಸಿಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸಕ್ಕರೆ ಬಿಡುವುದಿಲ್ಲ. ಅಲ್ಲಿ ಏನು ಮಾಡುತ್ತಾರೆ ಅಂತ ಒಮ್ಮೆ ಕೇಳಿ ಹೇಳಿ ಅಕ್ಕಾ.

ದೇರಳಕಟ್ಟೆ ಅಡುಗೆಮನೆ

ಈದ್‌ಗೆ ಮಾಡುವ ಬಿಸ್ಕತ್ತು ಕಹಕ್ ಹೇಗೆ ಮಾಡುವುದು? ನನ್ನದು ಪ್ರತಿ ಸಲ ಒಡೆಯುತ್ತದೆ.

ನೈಲ್ ದಂಡೆ

ತುಪ್ಪ ಬಿಸಿಯಾಗಿರಲಿಲ್ಲ ಅನ್ನಿಸುತ್ತದೆ. 3 ಲೋಟ ಮೈದಾಕ್ಕೆ 1 ಲೋಟ ತುಪ್ಪ. ತುಪ್ಪ ಚೆನ್ನಾಗಿ ಕಾದು, ಹಿಟ್ಟಿನ ಮೇಲೆ ಸುರಿದರೆ ಬುಸ್ ಎನ್ನಬೇಕು. ಚಮಚದಲ್ಲಿ ತಿರುಗಿಸಿ, ಕೈ ತಾಳುವಷ್ಟು ಆರಿದ ಮೇಲೆ ಹತ್ತು ನಿಮಿಷ ಬಿಡದೆ ಉಜ್ಜಿ. ಆಮೇಲೆ ಹುರಿದ ಎಳ್ಳು, ಅರ್ಧ ಟೀ ಚಮಚ ಯೀಸ್ಟ್ ಕರಗಿಸಿದ ಕಾಲು ಲೋಟ ಬೆಚ್ಚನೆಯ ಹಾಲು. ಇಲ್ಲಿ 'ಕಹಕ್‌ನ ಪರಿಮಳ' ಅಂತ ಪುಡಿಯ ಪೊಟ್ಟಣವೇ ಸಿಗುತ್ತದೆ. ನಿಮ್ಮಲ್ಲಿ ಸೋಂಪು, ದಾಲ್ಚಿನ್ನಿ, ಒಂದು ಲವಂಗ ಕುಟ್ಟಿ ಹಾಕಿ. ಒಳಗೆ ಬೀಜ ತೆಗೆದು ತುಪ್ಪದಲ್ಲಿ ಮೆತ್ತಗೆ ಮಾಡಿದ ಖರ್ಜೂರ. ಮೇಲಿನ ಗೆರೆಗೆ ಇಲ್ಲಿ ಹಲ್ಲಿನ ಚಿಮಟ ಇದೆ, ನೀವು ಫೋರ್ಕಿನಲ್ಲಿ ಒತ್ತಿ. 180 ಡಿಗ್ರಿ, 20 ನಿಮಿಷ. ಪೂರ್ತಿ ಆರಿದ ಮೇಲೇ ಸಕ್ಕರೆ ಪುಡಿ.

ಈದ್‌ನ ಹಿಂದಿನ ರಾತ್ರಿಗಳಲ್ಲಿ ನಮ್ಮ ಬೀದಿಯ ಹುಡುಗರು ತಲೆಯ ಮೇಲೆ ಕಪ್ಪು ತಗಡಿನ ತಟ್ಟೆ ಹೊತ್ತು ಬ್ರೆಡ್ಡಿನ ಒಲೆಗೆ ಓಡಾಡುತ್ತಾರೆ. ಇಡೀ ಬೀದಿ ತುಪ್ಪದ ಪರಿಮಳ. ಹಿಂದೆ ಈಜಿಪ್ಟನ್ನು ಆಳಿದ ಫಾತಿಮಿ ದೊರೆಗಳ ಕಾಲದಲ್ಲಿ ಈದ್‌ನ ಸಿಹಿ ಮಾಡಿ ಹಂಚಲೆಂದೇ 'ದಾರ್ ಅಲ್ ಫಿತ್ರಾ' ಎಂಬ ಸರ್ಕಾರಿ ಅಡುಗೆಮನೆ ಇತ್ತು.

ಎಳ್ಳು ಖರ್ಜೂರ ಇಲ್ಲದೆ, ಅದೇ ತುಪ್ಪ ಮೈದಾ ಸಕ್ಕರೆ ಪುಡಿಯಲ್ಲಿ ಮಾಡಿದ್ದು ಗೊರಯ್ಯಿಬಾ. ನಮ್ಮ ನಾನ್‌ಖಟಾಯಿ ಬರುವವರಿಗೆ ಅದು ಹೊಸತಲ್ಲ.

ತುಮಕೂರು ಸೊಸೆ

ಎಲ್ಲರಿಗೂ ನಮಸ್ಕಾರ. ಇವತ್ತು ಎರಡನೆಯ ಸಲ ಮಾಡಿದೆ. ಉಪ್ಪಿಟ್ಟಿನ ರವೆ, ಹುರಿಯಲಿಲ್ಲ. ಅಕ್ಷತೆಯ ಹಾಗೆ ಉಜ್ಜಿದೆ. ಅತ್ತೆಯೂ ಬಂದು ಕೈ ಸೇರಿಸಿದರು. ಮೊಸರು ಹಾಕಿ ಸೌಟಿನಲ್ಲಿ ಮೂರೇ ಸುತ್ತು. ತಹಿನಿ ನಾವೇ ರುಬ್ಬಿದೆವು. ಪಾಕಕ್ಕೆ ನಿಂಬೆ ಹಿಂಡಿದೆ, ಎಳೆ ನೋಡಲಿಲ್ಲ. ಸುರಿದಾಗ ಚುಯ್ ಎಂದಿತು. ಒಂದು ಗಂಟೆ ಮುಚ್ಚಿಟ್ಟೆ.

ಚಾಕು ಮೆತ್ತಗೆ ಇಳಿಯಿತು. ತಳ ಕೆಂಪಗೆ, ನಡುವೆ ರವೆ ಕಾಳುಕಾಳಾಗಿ, ಒತ್ತಿದರೆ ಪಾಕ ಜಿನುಗುವಂತೆ ಬಂದಿದೆ. ತಮ್ಮನಿಗೆ ಹುಟ್ಟುಹಬ್ಬದ ತನಕ ಹೇಳಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಡಬ್ಬಿಗೆ ಹಾಕಿ ಬಸ್ಸಿನಲ್ಲಿ ಕಳಿಸಿದೆ. ಸಂಜೆ ಫೋನ್ ಮಾಡಿ, ಅಕ್ಕಾ, ತಳದಲ್ಲಿ ಎಳ್ಳಿನ ವಾಸನೆ ಬರ್ತಾ ಇದೆ, ಅಲ್ಲೂ ಹೀಗೇ ಇರ್ತಿತ್ತು ಅಂದ.

ನೈಲ್ ದಂಡೆ ಅಕ್ಕಾ, ನಿಮ್ಮ ಮೇಲಿನ ಮನೆಯ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ನಾಳೆ ಕತಾಯಿಫಿಗೆ ಯೀಸ್ಟ್ ತರಬೇಕು. ಒಣ ಯೀಸ್ಟೇ ಆಗುತ್ತದೆ ಅಲ್ವಾ?

ದೇರಳಕಟ್ಟೆ ಅಡುಗೆಮನೆ

ಒಣ ಯೀಸ್ಟೇ ಸಾಕು ಅಕ್ಕಾ. ಪಂಚೆ ಬಟ್ಟೆ ಮರೆಯಬೇಡಿ.